ಗುದ್ದುಂಟು, ಸದ್ದಿಲ್ಲ

ಲಂಡನ್ನಿನಲ್ಲಿ ಬದುಕುವುದು ಹೇಗೆಂದು ಪ್ರೀತಮನಿಗೆ ಹಗಲು ಹೊತ್ತು ಮೇಡಂ ಒಬ್ಬರು ಕಲಿಸುತ್ತಿದ್ದರು. ದುಬೈಯಲ್ಲಿ ಸಾಯದೆ ಇರುವುದು ಹೇಗೆಂದು ಮಿಕ್ಕ ಹೊತ್ತಿನಲ್ಲಿ ಅವನೇ ಕಲಿಯಬೇಕಿತ್ತು.

ಅವನು ಗದಗಿನ ಸ್ಟೀಲ್ ಪಾತ್ರೆ ಅಂಗಡಿ ಗುರುಪಾದಪ್ಪನ ಮಗ. ಬ್ಯಾಂಕಿಗೆ, ಬೇಕರಿಗೆ, ಸೀರೆ ಅಂಗಡಿಗೆ ಬ್ರಾಂಚ್ ಇರುವುದು ಗದಗಿಗೆ ಗೊತ್ತಿತ್ತು. ಲಂಡನ್ನಿನ ಯೂನಿವರ್ಸಿಟಿಗೂ ಬ್ರಾಂಚ್ ಇರುತ್ತದೆ, ಅದು ದುಬೈಯಲ್ಲಿ ಇರುತ್ತದೆ ಎಂದು ಗೊತ್ತಾದದ್ದು ೨೦೦೫ರಲ್ಲಿ. ಮೊದಲ ವರ್ಷ ಬ್ರಾಂಚಿನಲ್ಲಿ ಓದಿ ಪಾಸಾದರೆ ಮಿಕ್ಕ ವರ್ಷಗಳು ಅಸಲಿ ಲಂಡನ್ನಿನಲ್ಲಿ. ತಾಯಿ ಗಂಗವ್ವ ಮೊದಲ ವರ್ಷವನ್ನು ನುಂಗಿಕೊಂಡು, ಮಗ ಲಂಡನ್ನಿಗೆ ಹೋದನೆಂದೇ ಓಣಿಗೆಲ್ಲ ಹೇಳಿದ್ದಳು. ಕಾಲೇಜಿನವರು ಮಾತ್ರ ಏನನ್ನೂ ನುಂಗಿಕೊಳ್ಳದೆ ಹೇಳಿದರು: ಇಲ್ಲಿ ಪೊಲೀಸ್ ಕೇಸ್ ಏನಾದರೂ ಆದರೆ ದುಬೈ ವೀಸಾ ಹೋಗುತ್ತದೆ, ಬ್ರಿಟಿಷ್ ವೀಸಾ ಬರುವುದಿಲ್ಲ, ಸೀದಾ ಗದಗು.

'ಸೆಟ್ಲಿಂಗ್ ಇನ್' ಎಂಬ ಕ್ಲಾಸಿತ್ತು. ಹೊರಗೆ ಕಾಗೆ ಕೂಡ ನೆರಳು ಬಿಟ್ಟು ಹಾರದ ಬಿಸಿಲು. ಒಳಗೆ ಏಸಿ ಹಾಕಿಕೊಂಡು ಕೊಡೆ ಯಾವಾಗ ಹಿಡಿಯಬೇಕೆಂಬ ಪಾಠ. ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಿ. ರೈಲಿನಲ್ಲಿ ಯಾರ ಮುಖವನ್ನೂ ದಿಟ್ಟಿಸಬೇಡಿ. ಯಾರಾದರೂ ನಿಮ್ಮ ಕಾಲು ತುಳಿದರೆ ನೀವೇ ಸಾರಿ ಹೇಳಿ. ಮುಖ್ಯವಾಗಿ, ದನಿ ಏರಿಸಬೇಡಿ.

ಇದನ್ನೆಲ್ಲ ಕಲಿತು ಸಂಜೆ ಬಸ್ಸು ಹತ್ತಿ ಅವನು ಸತ್ವಾ ಎಂಬ ಹಳೇ ಬಡಾವಣೆಗೆ ಬರುತ್ತಿದ್ದ. ಸತ್ವಾದಲ್ಲಿ ಸತ್ವ ಇದ್ದವರು ಉಳಿಯುತ್ತಾರೆ, ಇಲ್ಲದವರು ಸತ್ವವಿದ್ದವರ ಕಾಲ ಬಳಿ ಮಲಗುತ್ತಾರೆ. ವಿಲ್ಲಾ ಎಂದರೆ ಬಂಗಲೆ ಎಂದುಕೊಂಡು ಬಂದಿದ್ದ. ಇದು ಜನ ವಿಲವಿಲ ಒದ್ದಾಡಲೆಂದು ಇಟ್ಟುಕೊಂಡ ವಿಲ್ಲಾ. ಹಳೇ ಮನೆಯೊಂದನ್ನು ಪ್ಲೈವುಡ್ಡಿನಲ್ಲಿ ಹೋಳು ಮಾಡಿ, ಹೋಳಿಗೆ ನಾಲ್ಕು ಮಂಚದಂತೆ ಬಾಡಿಗೆಗೆ ಬಿಟ್ಟಿದ್ದರು. ಹೆಸರು ಬೆಡ್‌ಸ್ಪೇಸ್. ಬೆಡ್ ಇತ್ತು, ಸ್ಪೇಸ್ ಇರಲಿಲ್ಲ. ಪ್ರೀತಮನಿಗಂತೂ ಬೆಡ್ಡೂ ಇರಲಿಲ್ಲ. ಎರಡು ಮಂಚಗಳ ನಡುವಿನ ನೆಲ ಸಿಕ್ಕಿತ್ತು.

ವಿಲ್ಲಾವನ್ನು ತನ್ನ ಹೆಸರಿನಲ್ಲಿ ಹಿಡಿದು ಒಳಬಾಡಿಗೆಗೆ ಬಿಟ್ಟವನು ರಘುನಂದನ. ಮೈಸೂರಿನವನು. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಕೈಗೆ ಚಿನ್ನದ ಬಣ್ಣದ ವಾಚು, ಬಾಯಲ್ಲಿ ಸದಾ ಏಲಕ್ಕಿ. ಯಾರನ್ನೂ ಅವನು ಏಕವಚನದಲ್ಲಿ ಕರೆದದ್ದಿಲ್ಲ. ಒದೆಯುವುದೂ ಬಹುವಚನದಲ್ಲೇ.

ಅಲ್ಲಿಯ ರೀತಿನೀತಿ ಹೇಳಿಕೊಟ್ಟವನು ನಾರ್ಬರ್ಟ್. ಕಿನ್ನಿಗೋಳಿಯವನು, ದೇರಾದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಪ್ರೀತಮ ಬಂದ ಮೊದಲ ವಾರವೇ ಅವನನ್ನು ಕರೆದುಕೊಂಡು ಹೋಗಿ ಬಸ್ಸಿನ ನಂಬರು, ಮೊಸರು ಸಿಗುವ ಅಂಗಡಿ ಎಲ್ಲ ತೋರಿಸಿದ.

"ಒಂದು ನೆನಪಿಟ್ಕೊ ಮಾರಾಯ. ವಿಲ್ಲಾದಲ್ಲಿ ಬೊಬ್ಬೆ ಹಾಕ್ಲಿಕ್ಕೆ ಇಲ್ಲ. ಪಕ್ಕದ ಮನೆಯಲ್ಲಿ ಅರಬಿ ಅಜ್ಜಿ ಉಂಟು. ಅವಳಿಗೆ ಕೇಳಿದ್ರೆ ಪೊಲೀಸು. ಪೊಲೀಸು ಬಂದ್ರೆ ಎಲ್ಲರೂ ಖಲಾಸ್. ಇಷ್ಟು ಜನ ಒಂದು ಮನೆಯಲ್ಲಿ ಇರ್ಲಿಕ್ಕೇ ಇಲ್ಲ."

"ಮತ್ತ ಜಗಳ ಬಂದ್ರ?"

"ಬರ್ತದೆ. ಬಂದದ್ದನ್ನು ಶುಕ್ರವಾರದವರೆಗೆ ಇಟ್ಕೊಳ್ಬೇಕು."

ಜಗಳವನ್ನು ಉಪ್ಪಿನಕಾಯಿಯಂತೆ ಇಟ್ಟುಕೊಳ್ಳುವ ಈ ಪದ್ಧತಿ ಪ್ರೀತಮನಿಗೆ ವಾರದ ರಜೆಯಾದ ಶುಕ್ರವಾರ ಊಟವಾದ ಮೇಲೆ ಅರ್ಥವಾಯಿತು. ವಿಲ್ಲಾದ ಹಾಲ್‌ನಲ್ಲಿ ಚಾಪೆ ಸುತ್ತಿ ಬದಿಗಿಟ್ಟರು. ಎಲ್ಲರೂ ಗೋಡೆಗೆ ಒರಗಿ ಕುಳಿತರು. ಕೋಲಾರದ ಮುನಿಸ್ವಾಮಿ, ಗ್ಯಾರೇಜಿನವನು, ಎದ್ದು ಟೀವಿಯ ದನಿ ಏರಿಸಿದ. ಅದೇ ಮುನಿಸ್ವಾಮಿ ಅಂಗಿ ಬಿಚ್ಚಿ ನಡುವೆ ಬಂದು ನಿಂತ. ಎದುರಿಗೆ ಬಂದವನು ಕುಮಟಾದ ಒಬ್ಬ ಕ್ಯಾಷಿಯರ್. ಬೆಳಿಗ್ಗೆ ಬಾತ್‌ರೂಮಿಗೆ ಯಾರು ಮೊದಲು ಎಂಬುದು ವಾರವಿಡೀ ಕುದಿಸಿಟ್ಟ ವಿಷಯ.

ನಿಯಮ ಇಷ್ಟೇ. ಕುತ್ತಿಗೆಯಿಂದ ಮೇಲಕ್ಕೆ ಹೊಡೆಯುವಂತಿಲ್ಲ. ಮರುದಿನ ಆಫೀಸಿಗೆ ಒಯ್ಯಬೇಕಾದ ಮುಖ. ಸದ್ದು ಮಾಡುವಂತಿಲ್ಲ. ಮೊದಲು ಬಾಯಿ ಬಿಟ್ಟವನು ಸೋತ.

ಮುನಿಸ್ವಾಮಿಯ ಮುಷ್ಟಿ ಕ್ಯಾಷಿಯರನ ಹೊಟ್ಟೆಗೆ ಹಿಟ್ಟು ನಾದಿದಂತೆ ಇಳಿಯಿತು. ಆತ ಮಡಚಿಕೊಂಡು, ಮುನಿಸ್ವಾಮಿಯ ತೊಡೆಯನ್ನು ಹಿಡಿದು ಕಚ್ಚಿದ. ಮುನಿಸ್ವಾಮಿಯ ಕಣ್ಣು ಹೊರಬಂದವು, ದನಿ ಬರಲಿಲ್ಲ. ಅವನು ಮೊಣಕೈಯಿಂದ ಬೆನ್ನಿಗೆ ಜಡಿದ, ಇನ್ನೊಮ್ಮೆ ಜಡಿದ. ಕ್ಯಾಷಿಯರ್ ಸದ್ದು ತಡೆಯಲು ತನ್ನ ಮುಂಗೈಯನ್ನೇ ಬಾಯಿಗೆ ತುರುಕಿಕೊಂಡ. ಹಲ್ಲು ನಾಟಿ ರಕ್ತ ಮೊಣಕೈವರೆಗೆ ಇಳಿಯಿತು. ಕೊನೆಗೆ ಪಕ್ಕೆಗೆ ಬಿದ್ದ ಒದೆತಕ್ಕೆ ಬಿಕ್ಕಳಿಕೆಯಷ್ಟು ಚಿಕ್ಕದೊಂದು "ಹಾ" ಹೊರಬಿತ್ತು.

"ಕೇಳಿಸ್ತು ಕಣ್ರೀ," ಎಂದ ರಘುನಂದನ, ಏಲಕ್ಕಿ ಸಿಪ್ಪೆ ಬೆರಳಿನಿಂದ ತೆಗೆಯುತ್ತ. "ಬಾತ್‌ರೂಮು ಮುನಿಸ್ವಾಮಿಯವರಿಗೇ ಮೊದಲು. ಯಾರಾದ್ರೂ ಡೆಟಾಲ್ ಕೊಡಿ ಅವರಿಗೆ, ಪಾಪ."

ಗದಗಿನ ಓಣಿಯ ಜಗಳಗಳಲ್ಲಿ ಪ್ರೀತಮ ಪಳಗಿದವನು. ಅಲ್ಲಿ ಒಂದು ಜಗಳವೆಂದರೆ ಗಂಟೆಗಟ್ಟಲೆ ಬಾಯಿ, ಎದುರಿನವನ ಅಜ್ಜ ಮುತ್ತಜ್ಜರನ್ನೆಲ್ಲ ಹೊರಗೆಳೆದು ಬಿಸಿಲಿಗೆ ಹಾಕುವುದು, ತೋಳು ಮಡಚುವುದು, "ಬಿಡ್ರೀ ನನ್ನ, ಇವತ್ತ ಇಂವನ್ನ ಮುಗಿಸಿಬಿಡ್ತೇನಿ" ಎಂದು ಕೂಗುತ್ತ ಹಿಡಿದುಕೊಳ್ಳುವವರು ಹಿಡಿದುಕೊಂಡಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುವುದು. ಪೆಟ್ಟು ಬಿದ್ದದ್ದು ಯಾರಿಗೂ ನೆನಪಿಲ್ಲ. ಇಲ್ಲಿ ಬೈಗುಳವಿಲ್ಲ, ನೇರವಾಗಿ ಪೆಟ್ಟು. ಗದಗಿನಲ್ಲಿ ಮಾಫಿ ಎಂದರೆ ಮನ್ನಿಸಿದ ಹಾಗೆ. ಇಲ್ಲಿಯ ಅರಬಿಯಲ್ಲಿ ಮಾಫಿ ಎಂದರೆ 'ಇಲ್ಲ'. ಜಾಗ ಮಾಫಿ, ನೀರು ಮಾಫಿ, ಮನ್ನಿಸುವುದು ಮೊದಲೇ ಮಾಫಿ.

ಬೇಸಿಗೆಗೆ ನಾರ್ಬರ್ಟ್ ಮದುವೆಗೆಂದು ರಜೆ ಹಾಕಿ ಊರಿಗೆ ಹೊರಟ. ಹೊರಡುವಾಗ ಏಸಿಯ ಕೆಳಗಿನ ತನ್ನ ಮಂಚವನ್ನು ಪ್ರೀತಮನಿಗೆ ಕೊಟ್ಟ. ರಜೆಗೆ ಹೋದವನ ಬೆಡ್ಡಿನಲ್ಲಿ ನೆಲದವನು ಮಲಗುವುದು ಎಲ್ಲ ಬ್ಯಾಚುಲರ್ ರೂಮುಗಳ ವಾಡಿಕೆ. ಅವನು ಬಂದಾಗ ಇವನು ಮತ್ತೆ ನೆಲಕ್ಕೆ. ಆದರೆ ಖಾಲಿಯಾದ ಆ ನೆಲವನ್ನೂ ರಘುನಂದನ ಹೊಸಬನೊಬ್ಬನಿಗೆ ಬಾಡಿಗೆಗೆ ಕೊಟ್ಟುಬಿಟ್ಟ. ನಾರ್ಬರ್ಟ್ ಬಾಳೆಹಣ್ಣಿನ ಹಲ್ವ ಹಿಡಿದುಕೊಂಡು, ಹೆಂಡತಿಯ ಫೋಟೋ ಪರ್ಸಿನಲ್ಲಿಟ್ಟುಕೊಂಡು ವಾಪಸು ಬಂದಾಗ ವಿಲ್ಲಾದಲ್ಲಿ ಒಬ್ಬ ಮನುಷ್ಯ ಹೆಚ್ಚಾಗಿದ್ದ. ಪ್ರೀತಮನ ಪರೀಕ್ಷೆಗಳು ಹತ್ತಿರ ಬಂದಿದ್ದವು.

"ಹೊಸಬರನ್ನ ಹೋಗಿ ಅನ್ನೋದು ಚೆನ್ನಾಗಿರಲ್ಲ," ಎಂದ ರಘುನಂದನ. "ನೀವಿಬ್ರೂ ಇದೀರಲ್ಲ. ಶುಕ್ರವಾರ ಗೆದ್ದೋರಿಗೆ ಬೆಡ್ಡು. ಸೋತೋರು ಬೇರೆ ಕಡೆ ನೋಡ್ಕೊಳ್ಲಿ."

ಗುರುವಾರ ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೂ ಹಲ್ವ ತಿನ್ನುತ್ತ ಒಪ್ಪಂದ ಮಾಡಿಕೊಂಡರು.

"ನೀ ಒಂದ್ ಗುದ್ದು ಗುದ್ದಪಾ. ನಾ 'ಯವ್ವಾ' ಅಂತೇನಿ. ಮುಗೀತು. ಬೆಡ್ ನಿಂದು," ಎಂದ ಪ್ರೀತಮ.

"ನೀನು ಎಲ್ಲಿ ಮಲಗುದು? ಪರೀಕ್ಷೆ ಉಂಟಲ್ಲ ನಿನಗೆ."

"ಕಾಲೇಜಿನ ದೋಸ್ತ ಒಬ್ಬ ಅದಾನ, ಅವನ ಮನ್ಯಾಗ. ಲಂಡನ್ನಿಗೆ ಹೋದ ಮ್ಯಾಲೆ ನಂದ ಒಂದ್ ಮಂಚದ ಮ್ಯಾಲೆ ಮಲಗತೇನಿ ಬಿಡು."

"ಹೊಟ್ಟೆಗೆ ಮೆಲ್ಲ ಹೊಡಿತೇನೆ. ನಗ್ಬೇಡ ಆಯ್ತಾ."

ಶುಕ್ರವಾರ ಟೀವಿಯ ದನಿ ಏರಿತು. ಇಬ್ಬರೂ ಅಂಗಿ ಬಿಚ್ಚಿ ನಿಂತರು. ನಾರ್ಬರ್ಟ್ ಮಗುವನ್ನು ತಟ್ಟಿ ಮಲಗಿಸುವವನ ಹಾಗೆ ಪ್ರೀತಮನ ಹೊಟ್ಟೆಯ ಮೇಲೆ ಕೈ ಇಟ್ಟ. ಪ್ರೀತಮ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮುನಿಸ್ವಾಮಿಯ ಗ್ರೀಸು ವಾಸನೆಯ ಅಂಗೈ ಅವನ ಬಾಯಿ ಮುಚ್ಚಿತು.

ರಘುನಂದನ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದ. ಅವನ ಕೈಯಲ್ಲಿ ಒದ್ದೆ ಟವೆಲ್ಲು, ಟವೆಲ್ಲಿನ ತುದಿಯಲ್ಲಿ ಗಂಟು, ಗಂಟಿನೊಳಗೆ ಸೋಪು.

"ಸ್ನೇಹಿತರು ಅಂತ ಗೊತ್ತು. ಆದ್ರೂ ನಾಟಕ ಆಡಿದ್ರೆ ಇಬ್ರ ಸಾಮಾನೂ ಬೀದಿಗೆ ಇಡಬೇಕಾಗತ್ತೆ. ನೋಡಿ ನಾರ್ಬರ್ಟ್ ಅವ್ರೆ, ಹೀಗೆ."

ಟವೆಲ್ಲು ಬೀಸಿ ಬಂದು ಪ್ರೀತಮನ ಬೆನ್ನಿಗೆ ಬಿತ್ತು. ಬೆನ್ನುಮೂಳೆಯ ಉದ್ದಕ್ಕೂ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು. ಮುನಿಸ್ವಾಮಿಯ ಅಂಗೈಯೊಳಗೆ ಅವನು ಕಿರುಚಿದ. ಅದು ಲೆಕ್ಕಕ್ಕೆ ಬರಲಿಲ್ಲ. "ಇದು ಬರೀ ಉದಾಹರಣೆ," ಎಂದು ರಘುನಂದನ ಹೋಗಿ ಕುಳಿತ.

ನಾರ್ಬರ್ಟ್ ಈಗ ನಿಜವಾಗಿ ಹೊಡೆದ. ಉಸಿರೆಲ್ಲ ಹೋಗಿ, 'ಯವ್ವಾ' ಅನ್ನಲು ಗಾಳಿಯೇ ಉಳಿಯಲಿಲ್ಲ. "ಹೇಳು ಮಾರಾಯ," ಎಂದು ತುಟಿಯಲ್ಲೇ ಅಂದು ನಾರ್ಬರ್ಟ್ ಇನ್ನೊಂದು ಕೊಟ್ಟ, ದನಿ ಹೊರಬರಲೆಂದು ಸ್ವಲ್ಪ ಜೋರಾಗಿಯೇ ಕೊಟ್ಟ. ಅದು ಪಕ್ಕೆಲುಬಿಗೆ ಬಿತ್ತು.

ಕೂಗು ಗಂಟಲವರೆಗೆ ಬಂತು. ಬಂದದ್ದು ಅಲ್ಲಿಂದ ತಿರುಗಿ ಕೈಗಿಳಿಯಿತು. ಕಾಲು ತುಳಿಸಿಕೊಂಡು ಹೇಳಿದ ಸಾರಿಗಳು, ನೆಲದ ಮೇಲೆ ಯಾರದೋ ಚಪ್ಪಲಿಗೆ ಮುಖ ಕೊಟ್ಟು ಮಲಗಿದ ರಾತ್ರಿಗಳು, ಈಗ ಬೆನ್ನ ಮೇಲೆ ಉರಿಯುತ್ತಿದ್ದ ಉದಾಹರಣೆ, ಎಲ್ಲವೂ ಸೇರಿ ಮುಷ್ಟಿಯಾಗಿ ನಾರ್ಬರ್ಟನ ಕಿವಿಯ ಕೆಳಗೆ ಬಿದ್ದವು. ನಾರ್ಬರ್ಟನ ಕಣ್ಣಲ್ಲಿ ಮೊದಲು ಆಶ್ಚರ್ಯ, ಆಮೇಲೆ ಸಿಟ್ಟು. ಅವನು ತಲೆಯಿಂದ ಪ್ರೀತಮನ ಮೂಗಿಗೆ ಗುದ್ದಿದ. ಮೂಗಿನೊಳಗೆ ಏನೋ ಮುರಿಯಿತು. ಬಾಯಿಗೆ ಬಿಸಿ ಉಪ್ಪು ಇಳಿಯಿತು. ಪ್ರೀತಮ ಅದನ್ನು ನುಂಗಿದ. ಮೊಣಕಾಲೆತ್ತಿ ತೊಡೆಸಂದಿಗೆ ಒದ್ದ. ನಾರ್ಬರ್ಟ್ ಅವನ ಭುಜದ ಮಾಂಸಕ್ಕೆ ಹಲ್ಲಿಟ್ಟ. ಬರಿ ಮೈಗಳು ಬೆವರಿಗೆ ಜಾರುತ್ತಿದ್ದವು. ಹಿಡಿಯಲು ಕೂದಲು ಮಾತ್ರ ಸಿಗುತ್ತಿತ್ತು. ಪ್ರೀತಮ ಕೂದಲು ಹಿಡಿದ, ಹಿಡಿದದ್ದನ್ನು ಎಳೆದ, ಹಿಡಿಯಷ್ಟು ಕಿತ್ತು ಬಂತು. ಟೀವಿಯಲ್ಲಿ ಯಾರೋ ಪ್ರೆಷರ್ ಕುಕ್ಕರಿನ ಬಗ್ಗೆ ಉತ್ಸಾಹದಿಂದ ಮಾತಾಡುತ್ತಿದ್ದರು. ಗೋಡೆಗೆ ಒರಗಿದವರು ಕಾಲು ಮಡಚಿಕೊಂಡು ಜಾಗ ಮಾಡಿಕೊಟ್ಟರು.

ಸೋಲುವುದಕ್ಕೆಂದು ಬಂದಿದ್ದೇನೆ ಎಂಬುದು ಪ್ರೀತಮನಿಗೆ ಮರೆತುಹೋಗಿತ್ತು. ಒಂದು ಅಕ್ಷರ ಬಾಯಿಬಿಟ್ಟರೆ ಮುಗಿಯುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಹೊಡೆಯುವುದು ಅವನಿಗೆ ರುಚಿಸಿಬಿಟ್ಟಿತ್ತು. ಎರಡೂ ಕೈಯಿಂದ ನಾರ್ಬರ್ಟನ ಎದೆ ಹಿಡಿದು ನೂಕಿದ. ನಾರ್ಬರ್ಟ್ ಹಿಮ್ಮುಖವಾಗಿ ಹೋಗಿ, ಬಾಗಿಲಾಚೆ ಇದ್ದ ಮಂಚದ ಕಬ್ಬಿಣದ ಮೂಲೆಗೆ ತಲೆ ಕೊಟ್ಟು ಬಿದ್ದ. ಕಬ್ಬಿಣ ಟಣ್ಣೆಂದಿತು. ನಾರ್ಬರ್ಟ್ ಏನೂ ಅನ್ನಲಿಲ್ಲ.

"ಗಟ್ಟಿ ಆಸಾಮಿ ಕಣಣ್ಣ," ಎಂದು ಮುನಿಸ್ವಾಮಿ ಮೆಚ್ಚಿಕೊಂಡ. "ಅಷ್ಟ್ ಬಿದ್ರೂ ಉಸ್ರೇ ಬಿಡ್ಲಿಲ್ಲ ನೋಡು."

ಎಲ್ಲರೂ ಕಾದರು. ನಾರ್ಬರ್ಟನ ತಲೆಯ ಕೆಳಗಿನಿಂದ ರಕ್ತ ಟೈಲ್ಸಿನ ಸಂದಿ ಹಿಡಿದು ಬಂದು, ಸುತ್ತಿಟ್ಟ ಚಾಪೆಯ ತುದಿಯನ್ನು ಮುಟ್ಟಿತು.

"ನಾರ್ಬರ್ಟ್," ಎಂದ ಪ್ರೀತಮ.

"ಹ್ಞಾಂ, ಮಾತಾಡಿದ್ರಿ," ಎಂದ ರಘುನಂದನ. "ಅವರು ಇನ್ನೂ ಬಾಯಿ ಬಿಟ್ಟಿಲ್ಲ. ನಾರ್ಬರ್ಟ್ ಅವರೇ ಗೆದ್ದಿದ್ದು."

ಹೀಗೆ, ಪ್ರಜ್ಞೆ ಇಲ್ಲದವನು ಸರ್ವಾನುಮತದಿಂದ ಗೆದ್ದ. ಯಾರೋ ಒಬ್ಬ ಅವನ ಭುಜ ತಟ್ಟಿ ಅಭಿನಂದಿಸಲು ಹೋಗಿ, ಕೈಗೆ ಹತ್ತಿದ್ದನ್ನು ನೋಡಿ ಹಿಂದೆ ಸರಿದ.

"ಆಂಬುಲೆನ್ಸ್ ಕರೀರಿ," ಎಂದ ಪ್ರೀತಮ.

"ಅರಿಶಿನ ಒತ್ತಿ ಮಲಗಿಸೋಣ. ಸಂಜೆ ಹೊತ್ತಿಗೆ ಎದ್ದು ಕಾಫಿ ಕೇಳ್ತಾರೆ." ರಘುನಂದನ ವಾಚು ಕಟ್ಟಿಕೊಳ್ಳುತ್ತಿದ್ದ. "ಆಂಬುಲೆನ್ಸ್ ಬಂದ್ರೆ ಹಿಂದೇನೇ ಪೊಲೀಸ್ ಬರ್ತಾರೆ. ಹೊಡೆದೋರು ಯಾರು ಅಂತಾರೆ. ತಳ್ಳಿದ್ದು ನಾನಲ್ಲ, ಮುನಿಸ್ವಾಮಿಯವರಲ್ಲ. ನಿಮ್ಮದು ಲಂಡನ್ ಇದೆ. ಇನ್ನೇನು ನಾಲ್ಕು ಪೇಪರ್ರು. ಸ್ವಲ್ಪ ಯೋಚನೆ ಮಾಡಿ ಪ್ರೀತಮ್ ಅವ್ರೆ."

ಪ್ರೀತಮ ಯೋಚನೆ ಮಾಡಿದ. ಮಾಡಲಿಲ್ಲ ಎಂದರೆ ಸುಳ್ಳು. ಲಂಡನ್ನು ಅವನ ಕಣ್ಣ ಮುಂದೆ ಮಳೆ ಸಮೇತ ಬಂದು ನಿಂತಿತ್ತು. ಅಷ್ಟರಲ್ಲಿ ನಾರ್ಬರ್ಟನ ಬಲಗಾಲಿನ ಹಿಮ್ಮಡಿ ನೆಲಕ್ಕೆ ಟಪಟಪ ಬಡಿಯತೊಡಗಿತು. ಉಳಿದ ಮೈ ಸುಮ್ಮನಿತ್ತು. ಕಾಲೊಂದೇ ಬಡಿಯುತ್ತಿತ್ತು.

ಪ್ರೀತಮ ಕೂಗಿದ. ಗಂಗವ್ವನ ಮಗನಿಗೆ ಸಲ್ಲುವ ಕೂಗು, ಓಣಿಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು. "ಯಾರರ ಬರ್ರೋ ಯಪ್ಪಾ, ಸಾಯಾಕತ್ತಾನ್ರೋ."

ಟೀವಿ ಸೋತಿತು. ಮುನಿಸ್ವಾಮಿ ದಿಂಬು ತಂದು ಅವನ ಮುಖಕ್ಕೆ ಒತ್ತಿದ. ಇನ್ನಿಬ್ಬರು ಕಾಲು ಹಿಡಿದರು. ಕುಮಟಾದ ಕ್ಯಾಷಿಯರ್, ಪಾಪ, ಎದೆಯ ಮೇಲೆ ಕುಳಿತ. ಮುರಿದ ಮೂಗಿನ ಮೇಲೆ ದಿಂಬು ಒತ್ತಿದಾಗ ಪ್ರೀತಮನಿಗೆ ಹಸಿರು ನಕ್ಷತ್ರಗಳು ಕಂಡವು. ಟವೆಲ್ಲಿನ ಗಂಟು ಮೊಣಕಾಲಿಗೆ, ಹೊಟ್ಟೆಗೆ, ಮತ್ತೆ ಮೊಣಕಾಲಿಗೆ ಬಿತ್ತು. "ಸುಮ್ಮನಿರಿ, ದಯವಿಟ್ಟು ಸುಮ್ಮನಿರಿ," ಎಂದು ಪ್ರತಿ ಏಟಿಗೂ ರಘುನಂದನ ಬೇಡಿಕೊಳ್ಳುತ್ತಿದ್ದ. ದಿಂಬಿನಡಿ ಸಿಕ್ಕಿದ ಬೆರಳೊಂದನ್ನು ಪ್ರೀತಮ ಮೂಳೆ ಸಿಗುವವರೆಗೆ ಕಚ್ಚಿದ. ಮುನಿಸ್ವಾಮಿ, ಯಾವ ಶುಕ್ರವಾರವೂ ಬಾಯಿ ಬಿಡದ ಮುನಿಸ್ವಾಮಿ, "ಅಮ್ಮೋ" ಎಂದು ಊರಿಗೆ ಕೇಳುವಂತೆ ಅರಚಿ ಕೈ ಬಿಟ್ಟ. ಪ್ರೀತಮ ಕ್ಯಾಷಿಯರನನ್ನು ಉರುಳಿಸಿ ಎದ್ದ. ಇಬ್ಬರನ್ನು ಕಾಲಿಗೆ ಕಟ್ಟಿಕೊಂಡೇ ಬಾಗಿಲವರೆಗೆ ಕುಂಟಿ, ಚಿಲಕ ತೆಗೆದು, ಅರೆಬೆತ್ತಲೆ ಬೀದಿಗೆ ಬಿದ್ದ.

ಶುಕ್ರವಾರದ ಮಧ್ಯಾಹ್ನ. ಟೈಲರ್ ಅಂಗಡಿಗಳು ಮುಚ್ಚಿದ್ದವು. ಬೀದಿಯಲ್ಲಿ ಬಿಸಿಲು ಬಿಟ್ಟು ಯಾರೂ ಇರಲಿಲ್ಲ. ಪ್ರೀತಮ ಪಕ್ಕದ ಮನೆಯ ಗೇಟು ಬಡಿದು ಕೂಗಿದ. ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಿದ. ಆ ಅಜ್ಜಿ ಒಳಗಡೆ ತೊಟ್ಟಿಯ ಬಳಿ ಕುಳಿತು ಖರ್ಜೂರ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳ ಡ್ರೈವರ್ ಅಬ್ದುಲ್ ಸಲಾಂ, ಉಳ್ಳಾಲದವನು, ನಿದ್ದೆಗಣ್ಣಿನಲ್ಲಿ ಓಡಿಬಂದು ಗೇಟು ತೆಗೆದ.

"ಅವರಿಗೆ ಕೇಳುದಿಲ್ಲ ಮಾರಾಯ. ನಾನು ಬರುವ ಮೊದಲೇ ಕಿವಿ ಹೋಗಿದೆ. ಎಂತಾಯ್ತು?"

ವರ್ಷಗಟ್ಟಲೆ ಯಾರಿಗೆ ಕೇಳಬಾರದೆಂದು ಜನ ತಮ್ಮ ಕೈ ತಾವು ಕಚ್ಚಿಕೊಂಡಿದ್ದರೋ ಆ ಅಜ್ಜಿ ಈಗ ಕಣ್ಣೆತ್ತಿ ನೋಡಿದಳು. ರಕ್ತ ಕಾಣಿಸಿತು. ಖರ್ಜೂರದ ತಟ್ಟೆ ಎಸೆದು ಎದ್ದುಬಂದು, ತನ್ನ ಕಪ್ಪು ಶಾಲನ್ನು ಪ್ರೀತಮನ ಮೂಗಿಗೆ ಒತ್ತಿ, ಡ್ರೈವರನಿಗೆ ಫೋನಿನತ್ತ ಕೈ ತೋರಿಸಿದಳು.

ಆಸ್ಪತ್ರೆಯಲ್ಲಿ ನಾರ್ಬರ್ಟನ ತಲೆಗೆ ಹೊಲಿಗೆ ಬಿದ್ದವು. ಅವನಿಗೆ ಪ್ರಜ್ಞೆ ಬಂದದ್ದು ಮರುದಿನ ಬೆಳಿಗ್ಗೆ. ಮೂಗಿಗೆ ಪಟ್ಟಿ ಹಾಕಿಸಿಕೊಂಡ ಪ್ರೀತಮ ಪಕ್ಕದಲ್ಲಿ ಕುಳಿತಿದ್ದ. ಬಾಗಿಲಲ್ಲಿ ಒಬ್ಬ ಪೊಲೀಸ್. ಇನ್ನೂ ಯಾರೂ ಏನೂ ಹೇಳಿಕೆ ಕೊಟ್ಟಿರಲಿಲ್ಲ. ಪೊಲೀಸ್ ಒಳಗೆ ಬಂದು ಹಿಂದಿಯಲ್ಲಿ ಕೇಳಿದ, ಹೊಡೆದವರು ಯಾರು.

"ಬಾತ್‌ರೂಮಿನಲ್ಲಿ ಜಾರಿ ಬಿದ್ದೆ," ಎಂದ ನಾರ್ಬರ್ಟ್.

"ಮತ್ತೆ ಇವನ ಮೂಗು?"

"ನನ್ನನ್ನು ಎತ್ತಲಿಕ್ಕೆ ಬಂದು ಅವನೂ ಜಾರಿದ."

ಪೊಲೀಸ್ ಇಬ್ಬರ ಮುಖವನ್ನೂ ನೋಡಿದ. ನಂಬಲಿಲ್ಲ. ಆದರೂ ಬರೆದುಕೊಂಡು ಹೊರಗೆ ಹೋದ.

"ಯಾಕ ಹಂಗ ಹೇಳಿದಿ? ನಾನ ಅಲ್ಲೇನು ನೂಕಿದ್ದು?"

"ಮೊದಲು ಜೋರು ಹೊಡೆದದ್ದು ನಾನು." ನಾರ್ಬರ್ಟನಿಗೆ ನಾಲಿಗೆ ತೊಡರುತ್ತಿತ್ತು. "ಪರೀಕ್ಷೆ ಬರಿ ಹೋಗು. ಬಾಯಿ ಮುಚ್ಚಿಕೊಂಡು ಲಂಡನ್ನಿಗೆ ಹೋಗು."

ಪ್ರೀತಮ ಎದ್ದು ಕಾರಿಡಾರಿಗೆ ಬಂದ. ಅಲ್ಲಿ ರಘುನಂದನ ಇದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈಯಲ್ಲಿ ಸೇಬಿನ ಚೀಲ ಹಿಡಿದು.

"ಎಲ್ಲ ಸರಿಹೋಯ್ತಂತಲ್ಲ, ಒಳ್ಳೇದಾಯ್ತು," ಎಂದ. "ಪೊಲೀಸ್ನೋರು ವಿಲ್ಲಾ ಖಾಲಿ ಮಾಡಿ ಅಂದಿದಾರೆ, ಅಷ್ಟೇ. ಕರಾಮದಲ್ಲಿ ಇನ್ನೊಂದು ನೋಡಿದೀನಿ, ಗೋಡೆ ಇನ್ನೂ ದಪ್ಪ. ನಿಮಗೂ ಒಂದು ಬೆಡ್ ಇಟ್ಟಿರ್ತೀನಿ. ಕೂಗೋದು ಗೀಗೋದು ಆಯ್ತು, ಹುಡುಗರು, ಮರೆತುಬಿಡೋಣ. ನಾರ್ಬರ್ಟ್ ಅವರಿಗೆ ಹೇಳಿ, ಮುಂದಿನ ಶುಕ್ರವಾರಕ್ಕೆ ಅವರು ಬರಬೇಕಿಲ್ಲ, ಹೊಲಿಗೆ ಬಿಚ್ಚಿದ ಮೇಲೇನೇ ಬರಲಿ."

ಪ್ರೀತಮ ಸೇಬಿನ ಚೀಲ ತೆಗೆದುಕೊಂಡು ನೆಲಕ್ಕಿಟ್ಟ. ಆಮೇಲೆ ಅವನ ಕೆನ್ನೆಗೆ ಬಾರಿಸಿದ. ಕುತ್ತಿಗೆಯಿಂದ ಮೇಲಕ್ಕೆ, ಆಫೀಸಿಗೆ ಒಯ್ಯುವ ಮುಖಕ್ಕೆ. ಸದ್ದಿಗೆ ನರ್ಸುಗಳು ತಿರುಗಿದರು. ಇನ್ನೊಂದು ಬಾರಿಸಿದ. ರಘುನಂದನ ಗೋಡೆಗೆ ಹೋಗಿ ಬಡಿದು, ಬಾಯಲ್ಲಿದ್ದ ಏಲಕ್ಕಿಯ ಜೊತೆ ಒಂದು ಹಲ್ಲನ್ನೂ ಉಗುಳಿ, ಮೊದಲ ಸಲ ಏಕವಚನದಲ್ಲಿ, "ಲೋ ಬೋಳಿಮಗನೆ" ಎಂದ. ಪ್ರೀತಮ ಅವನ ಕಾಲರು ಹಿಡಿದು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲಿಟ್ಟು ಹೊಡೆದ. ಹೊಡೆಯುತ್ತ ಬೈದ. ರಘುನಂದನನ ಅಪ್ಪನನ್ನು ಬೈದ, ಅಜ್ಜನನ್ನು ಬೈದ, ಟವೆಲ್ಲು ನೇಯ್ದವನನ್ನು ಬೈದ. ಪೊಲೀಸ್ ಓಡಿಬಂದು ಅವನನ್ನು ಎಳೆದು ಗೋಡೆಗೊತ್ತಿ ಕೈಗೆ ಬೇಡಿ ಹಾಕುವಾಗಲೂ ಬಾಯಿ ನಿಲ್ಲಿಸಲಿಲ್ಲ. ಕೇಸಿಗೆ ಸಾಕ್ಷಿ ಹುಡುಕುವ ಕಷ್ಟ ಪೊಲೀಸಿಗೆ ಇರಲಿಲ್ಲ. ಇಡೀ ಮಹಡಿ ನೋಡಿತ್ತು.

ಒಳಗೆ ನಾರ್ಬರ್ಟ್ ಮಂಚದಿಂದ ಇಳಿಯಲು ಹೋದ. ಶಿರ್ವದ ಕಡೆಯ ನರ್ಸು ಗರ್ಟ್ರೂಡ್ ಅವನ ಎರಡೂ ಭುಜ ಹಿಡಿದು ದಿಂಬಿಗೆ ಒತ್ತಿದಳು.

"ಬಿಡಿ ಸಿಸ್ಟರ್, ಅವನನ್ನು ಬಿಡ್ಲಿಕ್ಕೆ ಹೇಳ್ಬೇಕು. ಅವನಿಗೆ ಲಂಡನ್ ಉಂಟು."

"ಇತ್ತು," ಎಂದಳು ಗರ್ಟ್ರೂಡ್.

ಲಿಫ್ಟಿನ ಬಾಗಿಲು ಮುಚ್ಚಿತು. ಬೈಗುಳ ಒಂದೊಂದೇ ಮಹಡಿ ಇಳಿದು ಹೋಗುವುದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ನಾರ್ಬರ್ಟ್ ಗೋಡೆಯ ಕಡೆ ಮುಖ ಮಾಡಿ ಅತ್ತ, ವಾರ್ಡಿನ ರೋಗಿಗಳೆಲ್ಲ ಎದ್ದು ಕೂರುವಷ್ಟು ಜೋರಾಗಿ.